ಮದ್ಯಪಾನ: ‘ಮಿತಿ’ ಎಂದರೆ ಎಷ್ಟು?

ಕಾವೇರಿ ತೀರದ ಹೆಮ್ಮಿಗೆಯಲ್ಲಾಗಲಿ, ತಿ. ನರಸೀಪುರ ಪೇಟೆಯಲ್ಲಾಗಲಿ, ನಂಜನಗೂಡಿನ ಕೈಗಾರಿಕಾ ಪ್ರದೇಶದ ಸುತ್ತಮುತ್ತಲ ಗ್ರಾಮಗಳಲ್ಲಾಗಲಿ ಮದ್ಯವನ್ನು ಯಾರೂ ಗ್ರಾಂ ಲೆಕ್ಕದಲ್ಲಿ ಅಳೆಯುವುದಿಲ್ಲ. ‘ಒಂದು ನೈಂಟಿ’, ‘ಒಂದು ಕ್ವಾರ್ಟರ್’, ‘ಒಂದು ಬಿಯರ್’ – ಇವೇ ಬಳಕೆಯಲ್ಲಿರುವ ಅಳತೆಗಳು. ವೈದ್ಯರು ಕೇಳಿದಾಗಲೂ ‘ಸ್ವಲ್ಪ ತಗೊಳ್ತೀನಿ’, ‘ಲಿಮಿಟ್ ಆಗಿ ತಗೊಳ್ತೀನಿ’ ಎಂಬ ಉತ್ತರವೇ ಸಾಮಾನ್ಯ. ಆದರೆ ಆ ‘ಲಿಮಿಟ್’ ಎಷ್ಟು, ಅದನ್ನು ಗೊತ್ತುಪಡಿಸಿದವರು ಯಾರು ಎಂಬ ಪ್ರಶ್ನೆ ಬಂದಾಗ ಹೆಚ್ಚಿನವರಲ್ಲಿ ಉತ್ತರವಿರುವುದಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ 10ರಿಂದ 75 ವರ್ಷ ವಯಸ್ಸಿನವರಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಜನರಿಗೆ, ಅಂದರೆ ಮೂವರಲ್ಲಿ ಒಬ್ಬರಿಗಿಂತಲೂ ಹೆಚ್ಚು ಮಂದಿಗೆ, ಕುಡಿತದಿಂದ ಉಂಟಾದ ತೊಂದರೆಗೆ ನೆರವು ಬೇಕಾಗಿದೆ. ಇವರೆಲ್ಲರೂ ಬೀದಿಯಲ್ಲಿ ಬಿದ್ದಿರುವವರಲ್ಲ. ದುಡಿದು ಸಂಸಾರ ನಡೆಸುತ್ತ, ತಾವು ಮಿತಿಯಲ್ಲೇ ಇದ್ದೇವೆಂದು ನಂಬಿದವರೂ ಇವರಲ್ಲಿದ್ದಾರೆ. ಆದ್ದರಿಂದ ಈ ಮಿತಿಯ ಲೆಕ್ಕವನ್ನು ನಮ್ಮದೇ ಅಳತೆಗಳಲ್ಲಿ ತಿಳಿದುಕೊಳ್ಳುವುದು ಅಗತ್ಯ.

ಒಂದು ಯೂನಿಟ್ ಎಂದರೇನು?

ಬಿಯರ್, ವೈನ್, ವಿಸ್ಕಿ, ರಮ್, ಬ್ರಾಂದಿ – ಹೆಸರು, ಬಣ್ಣ, ರುಚಿ ಬೇರೆಯಾದರೂ ಅಮಲು ತರುವ ವಸ್ತು ಒಂದೇ. ಅದು ಎಥೆನಾಲ್ ಅಥವಾ ಮದ್ಯಸಾರ. ಕಬ್ಬಿನ ಕಾಕಂಬಿಯಿಂದ ಬಂದರೂ ದ್ರಾಕ್ಷಿಯಿಂದ ಬಂದರೂ ಯಕೃತ್ತಿಗೆ ಅದರಲ್ಲಿ ಭೇದವಿಲ್ಲ. ದೇಹದ ಮೇಲಾಗುವ ಪರಿಣಾಮವನ್ನು ನಿರ್ಧರಿಸುವುದು ಒಳಗೆ ಹೋದ ಮದ್ಯಸಾರದ ತೂಕ. ನಮ್ಮ ದೇಶದ ವೈದ್ಯರು ಸಾಮಾನ್ಯವಾಗಿ 10 ಗ್ರಾಂ ಶುದ್ಧ ಮದ್ಯಸಾರವನ್ನು ‘ಒಂದು ಯೂನಿಟ್’ ಎಂದು ಎಣಿಸುತ್ತಾರೆ.

ಲೆಕ್ಕ ಕಠಿಣವಲ್ಲ. ಬಾಟಲಿಯ ಮೇಲೆ ಮದ್ಯಸಾರದ ಶೇಕಡಾವಾರು ಪ್ರಮಾಣವನ್ನು ಮುದ್ರಿಸಿರುತ್ತಾರೆ. ಕುಡಿದ ಮಿಲಿಲೀಟರನ್ನು ಆ ಶೇಕಡಾ ಪ್ರಮಾಣದಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು 0.79ರಿಂದ ಗುಣಿಸಿದರೆ ಗ್ರಾಂ ಲೆಕ್ಕ ಸಿಗುತ್ತದೆ. ಮದ್ಯಸಾರ ನೀರಿಗಿಂತ ಹಗುರವಾಗಿದ್ದು, ಒಂದು ಮಿಲಿಲೀಟರ್ 0.79 ಗ್ರಾಂ ತೂಗುವುದೇ ಇದಕ್ಕೆ ಕಾರಣ. ನಮ್ಮಲ್ಲಿ ಮಾರಾಟವಾಗುವ ವಿಸ್ಕಿ, ರಮ್, ಬ್ರಾಂದಿಗಳಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 42.8 ಇರುತ್ತದೆ. ಇದರಂತೆ:

* 30 ಮಿ.ಲೀ. ಸಣ್ಣ ಪೆಗ್ – 10 ಗ್ರಾಂ, ಅಂದರೆ 1 ಯೂನಿಟ್
* 60 ಮಿ.ಲೀ. ದೊಡ್ಡ ಪೆಗ್ – 20 ಗ್ರಾಂ, 2 ಯೂನಿಟ್
* 90 ಮಿ.ಲೀ. ಪೊಟ್ಟಣ (ನೈಂಟಿ) – 30 ಗ್ರಾಂ, 3 ಯೂನಿಟ್
* 180 ಮಿ.ಲೀ. ಕ್ವಾರ್ಟರ್ – 61 ಗ್ರಾಂ, 6 ಯೂನಿಟ್
* 650 ಮಿ.ಲೀ. ಸಾಧಾರಣ ಬಿಯರ್ (ಶೇ. 5) – 26 ಗ್ರಾಂ, ಎರಡೂವರೆ ಯೂನಿಟ್
* 650 ಮಿ.ಲೀ. ಸ್ಟ್ರಾಂಗ್ ಬಿಯರ್ (ಶೇ. 8) – 41 ಗ್ರಾಂ, 4 ಯೂನಿಟ್
* 150 ಮಿ.ಲೀ. ವೈನ್ (ಶೇ. 12) – 14 ಗ್ರಾಂ, ಸುಮಾರು ಒಂದೂವರೆ ಯೂನಿಟ್

ಈ ಪಟ್ಟಿಯಲ್ಲಿ ಎರಡು ಅಂಶಗಳು ಗಮನಾರ್ಹ. ‘ಬರೀ ಬಿಯರ್ ತಾನೆ’ ಎಂದು ಒಂದು ಸ್ಟ್ರಾಂಗ್ ಬಿಯರ್ ಮುಗಿಸಿದವರು ನಾಲ್ಕು ಸಣ್ಣ ಪೆಗ್ ವಿಸ್ಕಿಯಲ್ಲಿರುವಷ್ಟೇ ಮದ್ಯಸಾರ ಸೇವಿಸಿರುತ್ತಾರೆ. ಎರಡನೆಯದಾಗಿ, ಒಂದೇ ಸಂದರ್ಭದಲ್ಲಿ 60 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಮದ್ಯಸಾರ ಸೇವಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ‘ಒಮ್ಮೆಗೇ ಅತಿಸೇವನೆ’ ಎಂದು ಪರಿಗಣಿಸುತ್ತದೆ. ನಮ್ಮಲ್ಲಿ ಅತಿ ಸಾಧಾರಣ ಅಳತೆ ಎನಿಸಿರುವ ಒಂದು ಕ್ವಾರ್ಟರ್ ಆ ಗೆರೆಯನ್ನು ಮುಟ್ಟಿಬಿಡುತ್ತದೆ.

ಬೇರೆ ದೇಶಗಳು ಹಾಕಿದ ಗೆರೆ

ಹಲವು ದೇಶಗಳ ಆರೋಗ್ಯ ಸಂಸ್ಥೆಗಳು ‘ಕಡಿಮೆ ಅಪಾಯದ ಮಿತಿ’ ಎಂದು ಒಂದು ಪ್ರಮಾಣವನ್ನು ಸೂಚಿಸಿವೆ. ಅವನ್ನು ನಮ್ಮ ಅಳತೆಗೆ ಇಳಿಸಿ ನೋಡೋಣ.

ಬ್ರಿಟನ್ 2016ರಲ್ಲಿ ಗಂಡಸರಿಗೂ ಹೆಂಗಸರಿಗೂ ವಾರಕ್ಕೆ 14 ಯೂನಿಟ್ ಮೀರಬಾರದೆಂದು ಸಲಹೆ ನೀಡಿತು. ಅಲ್ಲಿನ ಯೂನಿಟ್ 8 ಗ್ರಾಂ. ಒಟ್ಟು 112 ಗ್ರಾಂ. ನಮ್ಮ ಎರಡು ಕ್ವಾರ್ಟರ್ ಕುಡಿದರೆ ಇಡೀ ವಾರದ ಆ ಮಿತಿ ದಾಟಿರುತ್ತದೆ. ಆಸ್ಟ್ರೇಲಿಯ 2020ರಲ್ಲಿ ವಾರಕ್ಕೆ 100 ಗ್ರಾಂ ಮತ್ತು ಯಾವುದೇ ಒಂದು ದಿನ 40 ಗ್ರಾಂ ಮೀರಬಾರದೆಂದಿತು. ಒಂದು ಸ್ಟ್ರಾಂಗ್ ಬಿಯರ್ ಆ ದಿನದ ಮಿತಿಗೆ ಸಮ. ಒಂದು ಕ್ವಾರ್ಟರ್ ಅದರ ಒಂದೂವರೆ ಪಟ್ಟು. ಕೆನಡಾದ ತಜ್ಞರ ಕೇಂದ್ರವೊಂದು 2023ರಲ್ಲಿ ಇನ್ನೂ ಕೆಳಗಿಳಿದು, ಕಡಿಮೆ ಅಪಾಯ ಬಯಸುವವರು ವಾರಕ್ಕೆ ಎರಡು ಪೇಯ ಮೀರಬಾರದೆಂದು ಸೂಚಿಸಿತು. ಅದು ಸುಮಾರು 27 ಗ್ರಾಂ. ನಮ್ಮ ಒಂದು ನೈಂಟಿ ಪೊಟ್ಟಣ ಅದಕ್ಕಿಂತ ತುಸು ಹೆಚ್ಚೇ.

ಈ ಮಿತಿಗಳ ನಡುವೆ ಇಷ್ಟು ಅಂತರವೇಕೆಂದು ಓದುಗರಿಗೆ ಅನಿಸಬಹುದು. ಅಪಾಯ ಎಲ್ಲಿಂದಲೋ ಹಠಾತ್ತನೆ ಆರಂಭವಾಗುವುದಿಲ್ಲ. ಪ್ರಮಾಣದೊಂದಿಗೆ ಅದೂ ಏರುತ್ತ ಹೋಗುತ್ತದೆ. ಎಷ್ಟು ಅಪಾಯವನ್ನು ಸಹಿಸಬಹುದೆಂಬ ತೀರ್ಮಾನ ದೇಶದಿಂದ ದೇಶಕ್ಕೆ ಬದಲಾಗುವುದರಿಂದ ಗೆರೆಯೂ ಬದಲಾಗುತ್ತದೆ. ಈ ಗೆರೆಯೊಳಗೆ ಇದ್ದರೆ ಹಾನಿಯೇ ಇಲ್ಲವೆಂದು ಯಾವ ಮಾರ್ಗಸೂಚಿಯೂ ಹೇಳಿಲ್ಲ.

ಸುರಕ್ಷಿತ ಮಿತಿ ಇದೆಯೇ?

ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಇದಕ್ಕೆ ನೇರ ಉತ್ತರ ನೀಡಿತು: ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣ ಯಾವುದೂ ಇಲ್ಲ. ಇದಕ್ಕೆ ಮುಖ್ಯ ಕಾರಣ ಕ್ಯಾನ್ಸರ್. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಮದ್ಯಪಾನೀಯಗಳನ್ನು ತಂಬಾಕು ಇರುವ ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದೆಂದು ಖಚಿತವಾಗಿರುವ ವಸ್ತುಗಳ ಗುಂಪಿಗೆ ಸೇರಿಸಿದೆ. ಬಾಯಿ, ಗಂಟಲು, ಧ್ವನಿಪೆಟ್ಟಿಗೆ, ಅನ್ನನಾಳ, ಯಕೃತ್ತು, ದೊಡ್ಡಕರುಳು ಮತ್ತು ಸ್ತನದ ಕ್ಯಾನ್ಸರುಗಳಿಗೂ ಮದ್ಯಕ್ಕೂ ನಂಟಿದೆ. ಯಕೃತ್ತು ಮದ್ಯಸಾರವನ್ನು ಒಡೆದಾಗ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತು ಹುಟ್ಟುತ್ತದೆ. ಅದು ಜೀವಕೋಶಗಳ ಡಿ.ಎನ್.ಎ.ಗೆ ಪೆಟ್ಟು ಕೊಡುತ್ತದೆ.

ನಮ್ಮ ಭಾಗದಲ್ಲಿ ಕುಡಿತದ ಜೊತೆಗೆ ಬೀಡಿ, ಗುಟ್ಕಾ, ಹೊಗೆಸೊಪ್ಪು ಸೇರಿರುವುದೇ ಹೆಚ್ಚು. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ವಿಷಯದಲ್ಲಿ ಇವೆರಡರ ಅಪಾಯ ಕೂಡುವುದಲ್ಲ, ಗುಣಿಸಿದಂತೆ ಬೆಳೆಯುತ್ತದೆ. ತಂಬಾಕು ಅಗಿಯುವವರಿಗೆ ‘ಸ್ವಲ್ಪ’ ಎಂಬುದೂ ಹೆಚ್ಚೇ.

ವಿಶ್ವ ಆರೋಗ್ಯ ಸಂಸ್ಥೆಯ 2024ರ ವರದಿಯಂತೆ 2019ರಲ್ಲಿ ಜಗತ್ತಿನಾದ್ಯಂತ 26 ಲಕ್ಷ ಸಾವುಗಳಿಗೆ ಮದ್ಯ ಕಾರಣವಾಯಿತು. ಯಕೃತ್ತಿನ ರೋಗ, ಕ್ಯಾನ್ಸರ್, ಹೃದ್ರೋಗಗಳ ಜೊತೆಗೆ ರಸ್ತೆ ಅಪಘಾತ, ಆತ್ಮಹತ್ಯೆ, ಹೊಡೆದಾಟಗಳ ಸಾವುಗಳೂ ಈ ಲೆಕ್ಕದಲ್ಲಿವೆ.

ಯಾರಿಗೆ ಒಂದು ಹನಿಯೂ ಕೂಡದು?

ಮೇಲಿನ ಮಿತಿಗಳೆಲ್ಲ ಆರೋಗ್ಯವಂತ ವಯಸ್ಕರಿಗೆ ಸಂಬಂಧಿಸಿದವು. ಈ ಕೆಳಗಿನವರಿಗೆ ಮಿತಿ ಸೊನ್ನೆ:

* ಗರ್ಭಿಣಿಯರು ಮತ್ತು ಗರ್ಭಧಾರಣೆಗೆ ಸಿದ್ಧರಾಗುತ್ತಿರುವವರು. ಮದ್ಯಸಾರ ನೇರವಾಗಿ ಮಗುವಿನ ರಕ್ತಕ್ಕೆ ಸೇರಿ ಅದರ ಮಿದುಳಿನ ಬೆಳವಣಿಗೆಗೆ ಧಕ್ಕೆ ತರುತ್ತದೆ.
* ಮಕ್ಕಳು, ಹದಿಹರೆಯದವರು. ಮಿದುಳಿನ ಬೆಳವಣಿಗೆ ಇಪ್ಪತ್ತರ ನಂತರವೂ ಮುಂದುವರಿಯುತ್ತದೆ.
* ಕಾಮಾಲೆ, ಹೆಪಟೈಟಿಸ್ ಅಥವಾ ಯಾವುದೇ ಯಕೃತ್ತಿನ ರೋಗವಿರುವವರು.
* ಕ್ಷಯರೋಗಕ್ಕೆ ಮಾತ್ರೆ ಸೇವಿಸುತ್ತಿರುವವರು. ಆ ಔಷಧಿಗಳೇ ಯಕೃತ್ತಿಗೆ ಭಾರ. ಮದ್ಯ ಸೇರಿದರೆ ಅಪಾಯ ಹೆಚ್ಚು.
* ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವ ಮಧುಮೇಹಿಗಳು. ಬರಿಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಅಮಲೆಂದು ಭಾವಿಸಿ ಮನೆಯವರು ಮಲಗಲು ಬಿಟ್ಟರೆ ಅನಾಹುತವಾಗುತ್ತದೆ.
* ಮೂರ್ಛೆರೋಗ, ಖಿನ್ನತೆ ಇರುವವರು, ನಿದ್ರೆ ಮಾತ್ರೆ ಸೇವಿಸುವವರು.
* ಹಿಂದೆ ಚಟಕ್ಕೆ ಬಿದ್ದು ಬಿಟ್ಟವರು.

ಹೆಂಗಸರ ದೇಹದಲ್ಲಿ ನೀರಿನ ಪ್ರಮಾಣ ಗಂಡಸರಿಗಿಂತ ಕಡಿಮೆ. ಆದ್ದರಿಂದ ಅಷ್ಟೇ ತೂಕದವರು ಅಷ್ಟೇ ಕುಡಿದರೂ ಹೆಂಗಸರ ರಕ್ತದಲ್ಲಿ ಮದ್ಯಸಾರದ ಮಟ್ಟ ಹೆಚ್ಚಿಗೆ ಏರುತ್ತದೆ. ಯಕೃತ್ತಿನ ಹಾನಿಯೂ ಬೇಗ ತಲೆದೋರುತ್ತದೆ.

ರಾತ್ರಿಯದು ಬೆಳಗಿನವರೆಗೆ

‘ಮಲಗಿ ಎದ್ದರೆ ಇಳಿದುಹೋಗುತ್ತದೆ’ ಎಂಬ ನಂಬಿಕೆ ವ್ಯಾಪಕವಾಗಿದೆ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮದ್ಯಸಾರವನ್ನಷ್ಟೇ ಒಡೆಯಬಲ್ಲದು. ತಣ್ಣೀರು ಸ್ನಾನ, ಮಜ್ಜಿಗೆ, ನಿಂಬೆರಸ, ಕಾಫಿ – ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ.

ಒಂದು ಉದಾಹರಣೆ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಬೆಳಗಿನ ಪಾಳಿಗೆ ಹೋಗಬೇಕಾದ, 60 ಕೆ.ಜಿ. ತೂಕದ ವ್ಯಕ್ತಿ ಹಿಂದಿನ ರಾತ್ರಿ ಹತ್ತಕ್ಕೆ ಒಂದು ಕ್ವಾರ್ಟರ್ ಮುಗಿಸಿದನೆನ್ನಿ. ಆಗ ಅವನ ರಕ್ತದ ಪ್ರತಿ 100 ಮಿ.ಲೀ.ನಲ್ಲಿ ಅಂದಾಜು 150 ಮಿಲಿಗ್ರಾಂ ಮದ್ಯಸಾರ ಇರುತ್ತದೆ. ಗಂಟೆಗೆ 15 ಮಿಲಿಗ್ರಾಂನಂತೆ ಇಳಿದರೂ ಬೆಳಗ್ಗೆ ಆರಕ್ಕೆ ಇನ್ನೂ 30 ಮಿಲಿಗ್ರಾಂ ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು ವಾಹನ ಚಾಲಕರಿಗೆ ಹಾಕಿರುವ ಮಿತಿ ಸರಿಯಾಗಿ ಇದೇ 30 ಮಿಲಿಗ್ರಾಂ. ಕ್ವಾರ್ಟರ್ ಎರಡಾಗಿದ್ದರೆ ಬೆಳಗಿನ ಮಟ್ಟ ಆ ಮಿತಿಯ ಐದು ಪಟ್ಟಿಗೂ ಮಿಗಿಲು. ಬೈಕ್ ಹತ್ತುವುದಷ್ಟೇ ಅಲ್ಲ, ಚಲಿಸುವ ಯಂತ್ರದ ಮುಂದೆ ನಿಲ್ಲುವುದೂ ಆ ಸ್ಥಿತಿಯಲ್ಲಿ ಅಪಾಯ. 2019ರ ತಿದ್ದುಪಡಿಯಂತೆ ಕುಡಿದು ವಾಹನ ಚಲಾಯಿಸಿದ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಬಹುದು.

ಮೇಲಿನದು ಅಂದಾಜು ಮಾತ್ರ. ದೇಹದ ತೂಕ, ಊಟ, ವಯಸ್ಸು, ಯಕೃತ್ತಿನ ಆರೋಗ್ಯಕ್ಕೆ ತಕ್ಕಂತೆ ಇದು ಬದಲಾಗುತ್ತದೆ. ‘ಇಷ್ಟು ಕುಡಿದರೂ ಗಾಡಿ ಓಡಿಸಬಹುದು’ ಎಂದು ಲೆಕ್ಕ ಹಾಕಲು ಇದನ್ನು ಬಳಸಕೂಡದು.

ಕೆಲವು ತಪ್ಪು ತಿಳಿವಳಿಕೆಗಳು

ದಿನಕ್ಕೊಂದು ಪೆಗ್ ಹೃದಯಕ್ಕೆ ಒಳ್ಳೆಯದು: ಹಳೆಯ ಕೆಲವು ಅಧ್ಯಯನಗಳಲ್ಲಿ ಮಿತವಾಗಿ ಕುಡಿಯುವವರಿಗೆ ಹೃದ್ರೋಗ ಕಡಿಮೆ ಎಂದು ಕಂಡಿತ್ತು. ಆದರೆ ಕಾಯಿಲೆ ಬಂದ ಕಾರಣಕ್ಕೇ ಕುಡಿತ ಬಿಟ್ಟವರನ್ನು ‘ಕುಡಿಯದವರ’ ಗುಂಪಿಗೆ ಸೇರಿಸಿದ್ದರಿಂದ ಆ ಗುಂಪು ಹೆಚ್ಚು ರೋಗಿಷ್ಠವಾಗಿ ಕಂಡಿತೆಂಬ ಟೀಕೆ ಬಂದಿದೆ. ಹೃದಯಕ್ಕಾಗಿ ಕುಡಿಯಲು ಆರಂಭಿಸಿ ಎಂದು ಯಾವ ಜವಾಬ್ದಾರಿಯುತ ವೈದ್ಯರೂ ಇಂದು ಸಲಹೆ ಮಾಡುವುದಿಲ್ಲ.

ನೆಗಡಿಗೆ, ಬಾಣಂತಿಗೆ, ಮಗುವಿಗೆ ಬ್ರಾಂದಿ: ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುವುದರಿಂದ ಮೈ ಬಿಸಿಯಾದಂತೆ ಅನಿಸುತ್ತದೆ, ವಾಸ್ತವವಾಗಿ ದೇಹ ಶಾಖ ಕಳೆದುಕೊಳ್ಳುತ್ತದೆ. ಎದೆಹಾಲಿನ ಮೂಲಕ ಅದು ಮಗುವಿಗೂ ತಲುಪುತ್ತದೆ. ಮಗುವಿಗೆ ಚಮಚದಲ್ಲಿ ಕೊಡುವುದಂತೂ ವಿಷಪ್ರಾಶನಕ್ಕೆ ಸಮ.

ಮೈಕೈ ನೋವಿಗೆ, ನಿದ್ರೆಗೆ: ಗದ್ದೆ ಕೆಲಸ, ಕಬ್ಬು ಕಡಿಯುವ ಕೆಲಸದ ನಂತರ ದಣಿವಾರಿಸಲು ಕುಡಿಯುವುದುಂಟು. ಮದ್ಯ ನೋವನ್ನು ಮರೆಸುತ್ತದೆ, ವಾಸಿಮಾಡುವುದಿಲ್ಲ. ನಿದ್ರೆ ಬೇಗ ಹತ್ತಿದರೂ ಮಧ್ಯರಾತ್ರಿಯ ನಂತರ ಒಡೆಯುತ್ತದೆ. ಮರುದಿನದ ದಣಿವು ಹೆಚ್ಚುತ್ತದೆ, ಸಂಜೆ ಮತ್ತೆ ಅದೇ ಬೇಕೆನಿಸುತ್ತದೆ.

ಎಷ್ಟು ಕುಡಿದರೂ ನನಗೆ ಏರುವುದಿಲ್ಲ: ಇದನ್ನು ಶಕ್ತಿ ಎಂದು ಭಾವಿಸುವವರಿದ್ದಾರೆ. ಮಿದುಳು ಮದ್ಯಕ್ಕೆ ಒಗ್ಗಿಕೊಂಡಿದೆ ಎಂಬುದರ ಲಕ್ಷಣ ಅದು. ಚಟದ ಹಾದಿಯ ಮೊದಲ ಮೈಲಿಗಲ್ಲು.

ಅಳತೆಯೇ ಇಲ್ಲದ ವಿಷ

ಯೂನಿಟ್ ಲೆಕ್ಕವೆಲ್ಲ ಪರವಾನಗಿ ಪಡೆದ ಮದ್ಯಕ್ಕೆ ಮಾತ್ರ ಅನ್ವಯ. ಕಳ್ಳಭಟ್ಟಿಗೆ ಯಾವ ಲೆಕ್ಕವೂ ಇಲ್ಲ. 1981ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಮಂದಿ ಸತ್ತರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ನೆರೆಯ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗಳಲ್ಲಿ ನೂರಕ್ಕೂ ಹೆಚ್ಚು ಜನ ಕಳ್ಳಭಟ್ಟಿಗೆ ಬಲಿಯಾದರು. ಇಂಥ ಮದ್ಯದಲ್ಲಿ ಬೆರೆಯುವ ಮೆಥನಾಲ್ ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತದೆ. ಕುಡಿದ ಕೆಲವು ಗಂಟೆಗಳ ನಂತರ, ಕೆಲವೊಮ್ಮೆ ಮರುದಿನ, ದೃಷ್ಟಿ ಮಂಜಾಗುವುದು, ಹೊಟ್ಟೆನೋವು, ವಾಂತಿ, ಉಸಿರು ಕಟ್ಟುವುದು ಕಂಡುಬಂದರೆ ಕ್ಷಣವೂ ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಜೊತೆಯಲ್ಲಿ ಕುಡಿದವರನ್ನೂ, ಅವರಿಗೆ ಏನೂ ಆಗದಿದ್ದರೂ, ಕರೆದೊಯ್ಯಬೇಕು. ಬೇಗ ತಲುಪಿದವರನ್ನು ಪ್ರತಿವಿಷ ಮತ್ತು ಡಯಾಲಿಸಿಸ್‌ನಿಂದ ಉಳಿಸಿಕೊಳ್ಳಲು ಸಾಧ್ಯ.

ನಾಲ್ಕು ಪ್ರಶ್ನೆಗಳು

ಕುಡಿತ ಮಿತಿ ಮೀರಿದೆಯೇ ಎಂದು ತಿಳಿಯಲು ವೈದ್ಯರು ಬಹುಕಾಲದಿಂದ ಬಳಸುತ್ತಿರುವ ನಾಲ್ಕು ಸರಳ ಪ್ರಶ್ನೆಗಳಿವೆ:

1. ಕುಡಿತವನ್ನು ಕಡಿಮೆ ಮಾಡಬೇಕೆಂದು ನಿಮಗೆ ಎಂದಾದರೂ ಅನಿಸಿದೆಯೇ?
2. ಕುಡಿತದ ಬಗ್ಗೆ ಬೇರೆಯವರು ಆಕ್ಷೇಪಿಸಿದಾಗ ಸಿಟ್ಟು ಬಂದಿದೆಯೇ?
3. ಕುಡಿದದ್ದಕ್ಕಾಗಿ ತಪ್ಪಿತಸ್ಥ ಭಾವನೆ ಕಾಡಿದೆಯೇ?
4. ಕೈನಡುಕ ನಿಲ್ಲಿಸಲು ಅಥವಾ ಹಿಂದಿನ ರಾತ್ರಿಯ ಅಮಲು ಇಳಿಸಲು ಬೆಳಗ್ಗೆ ಎದ್ದ ಕೂಡಲೇ ಕುಡಿದದ್ದುಂಟೆ?

ಇವುಗಳಲ್ಲಿ ಎರಡಕ್ಕೆ ‘ಹೌದು’ ಎಂದರೆ ವೈದ್ಯರನ್ನು ಕಾಣುವುದು ಒಳಿತು. ನಾಲ್ಕನೆಯದೊಂದಕ್ಕೇ ‘ಹೌದು’ ಎಂದರೂ ತಡಮಾಡಬಾರದು. ದೇಹ ಮದ್ಯಕ್ಕೆ ಅಂಟಿಕೊಂಡಿರುವ ಸೂಚನೆ ಅದು.

ಹಠಾತ್ತನೆ ಬಿಡುವ ಮುನ್ನ

ಮಾಲೆ ಧರಿಸಿ ಶಬರಿಮಲೆಗೆ ಹೊರಡುವಾಗ, ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಡುವಾಗ, ಊರಹಬ್ಬದ ವ್ರತ ಹಿಡಿದಾಗ ಕುಡಿತ ಬಿಡುವವರು ನಮ್ಮಲ್ಲಿ ಬಹಳ. ಆ ಸಂಕಲ್ಪ ಗೌರವಕ್ಕೆ ಅರ್ಹ. ಅನೇಕರು ಅಲ್ಲಿಂದಲೇ ಶಾಶ್ವತವಾಗಿ ಬಿಟ್ಟದ್ದೂ ಇದೆ. ಆದರೆ ವರ್ಷಗಟ್ಟಲೆ ಪ್ರತಿದಿನ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸುವಾಗ ಎಚ್ಚರ ಅಗತ್ಯ. ಇದು ಮನೆಯವರಿಗೂ ಗೊತ್ತಿರಬೇಕಾದ ಸಂಗತಿ.

ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ನಿತ್ಯ ಕುಡಿಯುವವರ ಮಿದುಳು ಅದಕ್ಕೆ ಎದುರಾಗಿ ಸದಾ ಕೆರಳಿದ ಸ್ಥಿತಿಯಲ್ಲಿರುತ್ತದೆ. ಮದ್ಯ ಹಠಾತ್ತನೆ ನಿಂತಾಗ ಆ ಕೆರಳಿಕೆ ತಡೆಯಿಲ್ಲದೆ ಹೊರಬರುತ್ತದೆ. ಕೊನೆಯ ಬಾರಿ ಕುಡಿದು ಆರರಿಂದ ಇಪ್ಪತ್ತನಾಲ್ಕು ಗಂಟೆಯೊಳಗೆ ಕೈನಡುಕ, ಬೆವರು, ಎದೆಬಡಿತ, ನಿದ್ರಾಹೀನತೆ ಆರಂಭವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಿಗೆ ದಿಕ್ಕು, ಹೊತ್ತು ತಿಳಿಯದಂತಾಗಿ, ಇಲ್ಲದ ಹುಳುಹುಪ್ಪಟೆ, ಮನುಷ್ಯರು ಕಾಣತೊಡಗುತ್ತಾರೆ. ಇದನ್ನು ಗಾಳಿ ಸೋಂಕೆಂದು, ವ್ರತಭಂಗದ ಫಲವೆಂದು ತಿಳಿದು ಮಂತ್ರ-ತಾಯಿತದಲ್ಲಿ ಕಾಲಹರಣ ಮಾಡಿದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆಯಲ್ಲಿ ಇದಕ್ಕೆ ಸೂಕ್ತ ಔಷಧ ಮತ್ತು ಥಯಮಿನ್ ಎಂಬ ‘ಬಿ1’ ಜೀವಸತ್ವದ ಚುಚ್ಚುಮದ್ದು ಲಭ್ಯ, ಗುಣವೂ ಆಗುತ್ತದೆ.

2020ರ ಮಾರ್ಚ್ ಕೊನೆಯಲ್ಲಿ ಕೊರೋನಾ ಲಾಕ್‌ಡೌನ್‌ನಿಂದ ಮದ್ಯದಂಗಡಿಗಳು ಏಕಾಏಕಿ ಮುಚ್ಚಿದಾಗ ಬೆಂಗಳೂರಿನ ಆಸ್ಪತ್ರೆಗಳಿಗೆ ಇಂಥ ಗಂಭೀರ ರೋಗಿಗಳು ಬರುವುದು ಹೆಚ್ಚಾದುದನ್ನು ನಿಮ್ಹಾನ್ಸ್ ವೈದ್ಯರು ದಾಖಲಿಸಿದ್ದಾರೆ. ಆದ್ದರಿಂದ ಬೆಳಗ್ಗೆ ಕೈನಡುಗುವವರು, ಹಿಂದೆ ಫಿಟ್ಸ್ ಬಂದವರು ಮಾಲೆ ಹಾಕುವ ಮೊದಲು, ಮದ್ಯವರ್ಜನ ಶಿಬಿರಕ್ಕೆ ಸೇರುವ ಮೊದಲು ವೈದ್ಯರನ್ನು ಕಾಣಬೇಕು.

ಮತ್ತೊಂದು ಎಚ್ಚರಿಕೆ. ‘ಕುಡುಕರಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ’ ಎಂದು ಪುಡಿ, ಮಾತ್ರೆ ಮಾರುವವರಿದ್ದಾರೆ. ಡೈಸಲ್ಫಿರಾಮ್‌ನಂಥ ಔಷಧಿಯ ಮೇಲೆ ಮದ್ಯ ಬಿದ್ದರೆ ರಕ್ತದೊತ್ತಡ ಕುಸಿದು ಜೀವಕ್ಕೇ ಸಂಚಕಾರವಾಗಬಹುದು. ರೋಗಿಯ ಒಪ್ಪಿಗೆ ಮತ್ತು ವೈದ್ಯರ ನಿಗಾ ಇಲ್ಲದೆ ಅದನ್ನು ಕೊಡಲೇಬಾರದು.

ನೆರವು ಎಲ್ಲಿ?

ಮೊದಲು ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ವೈದ್ಯರನ್ನು ಕಾಣಬಹುದು. ಹೆಚ್ಚಿನ ಚಿಕಿತ್ಸೆಗೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗವಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಮೀಸಲಾದ ಕೇಂದ್ರವಿದೆ. ಮನೆಯಿಂದಲೇ ಮಾತನಾಡಬಯಸುವವರಿಗೆ ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446 ಹಾಗೂ 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416 ಉಚಿತವಾಗಿ ಲಭ್ಯವಿವೆ. ಕುಡಿಯುವವರಷ್ಟೇ ಅಲ್ಲ, ಅವರ ಮಡದಿ ಮಕ್ಕಳೂ ಕರೆ ಮಾಡಬಹುದು.

ಕುಡಿಯದಿರುವವರು ಆರೋಗ್ಯದ ಹೆಸರಿನಲ್ಲಿ ಕುಡಿಯಲು ಆರಂಭಿಸಬೇಕಿಲ್ಲ. ಕುಡಿಯುವವರು ಮುಂದಿನ ಏಳು ದಿನ ತಾವು ಕುಡಿದದ್ದನ್ನು ‘ಸ್ವಲ್ಪ’ ಎಂದು ಬರೆಯದೆ ಯೂನಿಟ್ ಲೆಕ್ಕದಲ್ಲಿ ಕ್ಯಾಲೆಂಡರಿನ ಮೇಲೆ ಬರೆದಿಡಲಿ. ನೈಂಟಿಗೆ ಮೂರು, ಸ್ಟ್ರಾಂಗ್ ಬಿಯರಿಗೆ ನಾಲ್ಕು, ಕ್ವಾರ್ಟರಿಗೆ ಆರು. ವಾರದ ಮೊತ್ತ ಹತ್ತನ್ನು ದಾಟಿದ್ದರೆ ಕಡಿಮೆ ಮಾಡುವ ಕಾಲ ಬಂದಿದೆ. ಕಡಿಮೆ ಮಾಡಲು ಹೊರಟು ಆಗಲಿಲ್ಲವೆಂದಾದರೆ ಅದು ಮನೋಬಲದ ಕೊರತೆಯಲ್ಲ, ಚಿಕಿತ್ಸೆಯಿರುವ ಒಂದು ಕಾಯಿಲೆ. ಅದಕ್ಕಾಗಿ ವೈದ್ಯರ ಬಳಿ ಹೋಗಲು ಯಾರೂ ನಾಚಬೇಕಾಗಿಲ್ಲ.